ಬೇಸಿಗೆಯಲ್ಲಿ ಹೊಳೆ ಇಳಿದಾಗ ಸಾಲ್ಮನ್‌ಗೆ ಲೀಡರ್ ಎಷ್ಟು ಮಾರು? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನದು ಶ್ರೀರಂಗಪಟ್ಟಣದ ಹತ್ತಿರದ ಊರು, ಈಗ ಮನೆ ಮೈಸೂರಿನಲ್ಲಿ. ನಡುವೆ ಆರು ವರ್ಷ ಕೆಲಸದ ಮೇಲೆ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿದ್ದೆ. ಡೀ ಅನ್ನುವ ಹೊಳೆ ಅಲ್ಲಿ ಕಡಲು ಸೇರುತ್ತದೆ. ಚಿಕ್ಕಂದಿನಲ್ಲಿ ಎರೆಹುಳು ಸಿಕ್ಕಿಸಿ ಗಾಣ (ಮೀನಿನ ಗಾಳ) ಹಾಕಿದ ಕೈ ಸುಮ್ಮನಿರಲಿಲ್ಲ, ಅಲ್ಲಿ ಸಾಲ್ಮನ್ ಅನ್ನುವ ದೊಡ್ಡ ಮೀನು ಹಿಡಿಯಲು ಫ್ಲೈ ಫಿಶಿಂಗ್ ಕಲಿತೆ. ಈಗ ನಮ್ಮ ಕಡೆಯಿಂದ ಕೆಲಸಕ್ಕೆ ಅಂತಲೋ, ಮಗಳ ಬಾಣಂತನಕ್ಕೆ ಅಂತಲೋ ಜೂನ್, ಜುಲೈನಲ್ಲಿ, ಅಂದರೆ ಅಲ್ಲಿಯ ಬೇಸಿಗೆಯಲ್ಲಿ, ಸ್ಕಾಟ್ಲೆಂಡ್, ಇಂಗ್ಲೆಂಡ್, ನಾರ್ವೆ ಕಡೆಗೆ ಹೋಗುವವರು ಬೇಕಾದಷ್ಟು ಜನ. ಅವರಲ್ಲಿ ಗಾಣದ ಹುಚ್ಚಿರುವವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ರಾಡ್ ಅನ್ನುವ ಕೋಲಿನ ಬಗ್ಗೆ, ದಾರ ಸುತ್ತುವ ರೀಲ್ ಬಗ್ಗೆ ಶುರುವಾದ ಮಾತು ಸುತ್ತಿ ಬಳಸಿ ಲೀಡರ್ ಉದ್ದಕ್ಕೇ ಬಂದು ನಿಲ್ಲುತ್ತದೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಲೀಡರ್ ಅಂದ್ರೆ ಏನು? ನಮ್ಮ ಗಾಣದ ದಾರವೇ ಅಲ್ವಾ?

ಅಲ್ಲ. ನಮ್ಮ ಗಾಣದಲ್ಲಿ ತೂಕ ಇರುವುದು ತುದಿಯಲ್ಲಿ. ಸೀಸದ ಗುಂಡು, ಹುಳು, ಬೆಂಡು, ಇವುಗಳ ಭಾರಕ್ಕೆ ದಾರ ಹಿಂದೆ ಹಿಂದೆ ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಇದು ತಿರುವುಮುರುವು. ತುದಿಯಲ್ಲಿರುವುದು ಗರಿ, ಕೂದಲು ಸುತ್ತಿದ ಒಂದು ಪುಟ್ಟ ಗಾಳ, ಅದೇ ಫ್ಲೈ. ಅದಕ್ಕೆ ಭಾರವೇ ಇಲ್ಲ. ಭಾರ ಇರುವುದು ಲೈನಿಗೆ. ಲೈನ್ ದಪ್ಪ, ಬಣ್ಣ ಬೇರೆ, ದೂರದಿಂದಲೇ ಕಾಣುತ್ತದೆ. ಬೀಸಿದಾಗ ಹಾರಿ ಹೋಗುವುದು ಲೈನ್, ಫ್ಲೈ ಅದರ ಬಾಲ ಹಿಡಿದು ಹೋಗುತ್ತದೆ.

ಆ ದಪ್ಪ ಲೈನಿಗೂ ಫ್ಲೈಗೂ ನಡುವೆ ಕಟ್ಟುವ ಕಣ್ಣಿಗೆ ಬೀಳದ ದಾರವೇ ಲೀಡರ್. ಲೈನಿನ ಕಡೆ ದಪ್ಪ, ಫ್ಲೈ ಕಡೆಗೆ ಬರುತ್ತಾ ಬರುತ್ತಾ ಸಣ್ಣ. ಎತ್ತಿನ ಗಾಡಿ ಹೊಡೆಯುವವರ ಚಾವಟಿ ನೋಡಿದ್ದೀರಲ್ಲ, ಹಾಗೆ. ಹಿಡಿಯ ಹತ್ತಿರ ದಪ್ಪ ಇದ್ದು ತುದಿಗೆ ಸಣ್ಣಗಾದರೆ ಮಾತ್ರ ಕೈಯ ಬೀಸು ತುದಿವರೆಗೆ ಹೋಗುತ್ತದೆ. ಕೊನೆಯ ಸಣ್ಣ ತುಂಡಿಗೆ ಟಿಪೆಟ್ ಅಂತ ಹೆಸರು.

ಸುತ್ತು ಬಳಸು ಬೇಡ. ಎಷ್ಟು ಅಡಿ?

12ರಿಂದ 15 ಅಡಿ. ಅಂದರೆ ಎರಡು ಮಾರಿನಿಂದ ಎರಡೂವರೆ ಮಾರು.

ಇದು ಬೇಸಿಗೆಯಲ್ಲಿ ನೀರು ಇಳಿದು ತಿಳಿಯಾಗಿರುವಾಗ, ತೇಲುವ ಲೈನ್ ಹಾಕಿ, 12ರಿಂದ 14 ಅಡಿಯ ಎರಡು ಕೈ ರಾಡಿನಲ್ಲಿ, ಅಂದರೆ ಎರಡೂ ಕೈಯಲ್ಲಿ ಹಿಡಿದು ಬೀಸುವ ಕೋಲಿನಲ್ಲಿ, ಮೀನು ಹಿಡಿಯುವವರಿಗೆ ಹೇಳುವ ಲೆಕ್ಕ. ರಾಡ್ ಎಷ್ಟು ಉದ್ದವೋ ಲೀಡರ್ ಅಷ್ಟು ಉದ್ದ ಅಂತ ಅಲ್ಲಿಯವರು ಒಂದು ಸುಲಭದ ಲೆಕ್ಕ ಇಟ್ಟುಕೊಂಡಿದ್ದಾರೆ. ಕಲಿಯುವವರಿಗೆ ಅದು ಸಾಕು. ಕನ್ನಡಿಯ ಹಾಗೆ ನಿಂತ ನೀರಿನಲ್ಲಿ ಕೆಲವರು 18 ಅಡಿ, ಅಂದರೆ ಮೂರು ಮಾರಿಗೂ ಹೋಗುತ್ತಾರೆ. ಅದಕ್ಕೆ ಕೈ ಪಳಗಿರಬೇಕು.

ನಾನು ಮಾರಿನಲ್ಲಿ ಹೇಳುವುದು ಹಳೇ ಕಾಲದ ಚಟ ಅಂತ ನಗಬೇಡಿ. ಹೊಳೆ ದಂಡೆಯಲ್ಲಿ ಟೇಪು ಹಿಡಿದುಕೊಂಡು ಕೂರುವುದಕ್ಕೆ ಆಗುವುದಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಹೂವು ಅಳೆದು ಕೊಡುವ ಹಾಗೆ ಎರಡು ಕೈ ಚಾಚಿದರೆ ಒಂದು ಮಾರು, ಸುಮಾರು ಆರು ಅಡಿ. ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ, ಒಂದೂವರೆ ಅಡಿ. ನಿಮ್ಮ ಕೈ ಗಿಡ್ಡ ಇದ್ದರೆ ಒಂದು ಸಲ ಮನೆಯಲ್ಲಿ ಟೇಪಿಟ್ಟು ನೋಡಿಕೊಳ್ಳಿ, ಮತ್ತೆ ಬೇಕಾಗುವುದಿಲ್ಲ.

ನೀರು ಇಳಿದರೆ ಲೀಡರ್ ಉದ್ದ ಯಾಕೆ ಆಗಬೇಕು?

ಅಲ್ಲಿ ಮಾರ್ಚಿನಲ್ಲಿ ಹೊಳೆ ತುಂಬಿ, ತಣ್ಣಗೆ, ಸ್ವಲ್ಪ ಕಲಕಿಕೊಂಡು ಹರಿಯುವಾಗ ಮೀನಿಗೆ ಮೇಲಿನದು ಸರಿಯಾಗಿ ಕಾಣಿಸುವುದಿಲ್ಲ. ಲೈನ್ ದೊಪ್ಪನೆ ಬಿದ್ದರೂ ಹರಿವಿನ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಜುಲೈನಲ್ಲಿ ಅದೇ ಮಡು ಬೇರೆಯದೇ ಜಾಗ. ತಳದ ಕಲ್ಲು ಎಣಿಸಬಹುದು. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ ಕಾವೇರಿಯ ಬಂಡೆಗಳೆಲ್ಲ ಮೇಲೆದ್ದು, ನೀರು ಸಣ್ಣ ಸಣ್ಣ ಕೊರಕಲುಗಳಲ್ಲಿ ಹರಿಯುವುದನ್ನು ನೆನೆಸಿಕೊಳ್ಳಿ. ಮೀನು ನಿಮಗೆ ಕಾಣುತ್ತದೆ ಅಂದರೆ ನೀವೂ ಮೀನಿಗೆ ಕಾಣುತ್ತೀರಿ.

ಇಲ್ಲಿ ಬೆಳಕಿನ ಲೆಕ್ಕ ಸ್ವಲ್ಪ ತಿಳಿದಿದ್ದರೆ ಒಳ್ಳೆಯದು. ನೀರಿನೊಳಗಿಂದ ಮೇಲೆ ನೋಡುವ ಮೀನಿಗೆ ಹೊರಗಿನ ಲೋಕವೆಲ್ಲ ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಮಾತ್ರ ಕಾಣುತ್ತದೆ. ಕಿಟಕಿಯ ಅಗಲ ಮೀನು ಇರುವ ಆಳದ ಎರಡೂಕಾಲು ಪಟ್ಟು. ಮೂರಡಿ ಆಳದಲ್ಲಿದ್ದರೆ ಸುಮಾರು ಏಳಡಿ ಅಗಲದ ಕಿಟಕಿ. ಕಿಟಕಿಯ ಹೊರಗೆ ನೀರಿನ ಮೈ ಕನ್ನಡಿ ಇದ್ದ ಹಾಗೆ, ಹೊಳೆಯ ತಳವನ್ನೇ ಪ್ರತಿಬಿಂಬಿಸುತ್ತದೆ.

ಹಾಗಾದರೆ ಒಂಬತ್ತು ಅಡಿ ಲೀಡರ್ ಸಾಕಲ್ಲ, ಲೈನ್ ಕಿಟಕಿಯ ಹೊರಗೇ ಉಳಿಯುತ್ತದೆ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅಲುಗದ ಕನ್ನಡಿಯ ಮೇಲೆ ದಪ್ಪ ಲೈನ್ ಬಿದ್ದರೆ ಕನ್ನಡಿಯಲ್ಲೇ ಒಂದು ಗೀರು ಮೂಡುತ್ತದೆ. ಆ ಗೀರು ಹರಿವಿನ ಜೊತೆ ಮಡುವಿನ ಅಡ್ಡಕ್ಕೆ ಸರಿಯುತ್ತಾ ಬರುತ್ತದೆ. ಬಿಸಿಲಿದ್ದರೆ ಅದರ ನೆರಳು ತಳದ ಮೇಲೆ ಹರಿದಾಡುತ್ತದೆ. ಹರಿವು ತುಂಬಿದ್ದಾಗ ಇದೆಲ್ಲ ಲೆಕ್ಕಕ್ಕಿಲ್ಲ. ನೀರು ಇಳಿದಾಗ ಇದೇ ದೊಡ್ಡದು. ಲೀಡರ್ ಉದ್ದವಾದಷ್ಟೂ ಲೈನ್ ಬೀಳುವ ಸದ್ದು, ಗೀರು, ನೆರಳು ಮೂರೂ ಫ್ಲೈಯಿಂದ ದೂರ.

ಇನ್ನೊಂದು ಲಾಭವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ದಪ್ಪ ಲೈನ್ ತುದಿ ಹತ್ತಿರವೇ ಇದ್ದರೆ ಸಣ್ಣ ಫ್ಲೈಯನ್ನು ಮೇಲೆ ಎಳೆದು ಹಿಡಿಯುತ್ತದೆ. ಲೀಡರ್ ಉದ್ದ ಇದ್ದರೆ ಫ್ಲೈ ಎರಡು ಬೆರಳಷ್ಟು ಮುಳುಗಿ, ತನ್ನ ಪಾಡಿಗೆ ಈಜುತ್ತದೆ.

ಸಾಲ್ಮನ್ ಹೊಳೆಗೆ ಬಂದ ಮೇಲೆ ಏನೂ ತಿನ್ನುವುದಿಲ್ಲವಂತೆ. ಮತ್ತೆ ಗಾಳ ಯಾಕೆ ಕಚ್ಚುತ್ತೆ?

ತಿನ್ನುವುದಿಲ್ಲ, ನಿಜ. ಕಡಲಲ್ಲಿ ತಿಂದು ಕೊಬ್ಬಿ, ಮೊಟ್ಟೆ ಇಡಲು ತಾನು ಹುಟ್ಟಿದ ಹೊಳೆಗೆ ಬರುತ್ತದೆ. ಕಚ್ಚುವುದು ಸಿಟ್ಟಿಗೋ, ಹಳೇ ಅಭ್ಯಾಸಕ್ಕೋ, ಕುತೂಹಲಕ್ಕೋ, ಅದರ ಬಗ್ಗೆ ಅಲ್ಲಿಯವರು ಸಂಜೆಗಟ್ಟಲೆ ಜಗಳ ಆಡುತ್ತಾರೆ. ನಮಗೆ ಬೇಕಾದದ್ದು ಇಷ್ಟು: ಹಸಿದ ಮೀನು ಸ್ವಲ್ಪ ಅನುಮಾನ ಬಂದರೂ ಬರುತ್ತದೆ. ಹಸಿವೇ ಇಲ್ಲದ ಮೀನಿಗೆ ಒಂದು ಸಲ ಅನುಮಾನ ಬಂದರೆ ಮುಗಿಯಿತು, ಆ ಹೊತ್ತಿಗೆ ಮತ್ತೆ ಬರುವುದಿಲ್ಲ.

ಹಾಗಾದರೆ ಇಪ್ಪತ್ತು ಅಡಿ ಕಟ್ಟಿಬಿಟ್ಟರೆ ಇನ್ನೂ ಒಳ್ಳೆಯದಲ್ವಾ?

ಈ ಪ್ರಶ್ನೆಗೆ ನಾನೇ ಉದಾಹರಣೆ. ಮೊದಲ ಬೇಸಿಗೆಯಲ್ಲಿ ಯಾರೋ ಹೇಳಿದರು, ನೀರು ಇಳಿದಾಗ ಲೀಡರ್ ಉದ್ದ ಇರಬೇಕು ಅಂತ. ಉದ್ದ ಅಂದರೆ ಉದ್ದ ಅಂತ ಮೂರೂಕಾಲು ಮಾರು ಕಟ್ಟಿಕೊಂಡು ಹೋದೆ. ಇಡೀ ಬೆಳಗ್ಗೆ ಬೀಸಿದೆ. ಲೈನ್ ಚೆನ್ನಾಗಿ ಹೋಗುತ್ತಿತ್ತು. ಲೀಡರ್ ಮಾತ್ರ ಅದರ ತುದಿಯಲ್ಲಿ ಒತ್ತು ಶಾವಿಗೆ ಹಾಗೆ ಗುಪ್ಪೆಯಾಗಿ ಬೀಳುತ್ತಿತ್ತು. ಫ್ಲೈ ಲೈನಿನ ಪಕ್ಕದಲ್ಲೇ! ಇಪ್ಪತ್ತು ಅಡಿ ಕಟ್ಟಿ ಎರಡಡಿಯ ಫಲ ಸಿಗುತ್ತಿತ್ತು. ಹರಿವು ಅದನ್ನು ಎಳೆದು ನೆಟ್ಟಗೆ ಮಾಡುವ ಹೊತ್ತಿಗೆ ಫ್ಲೈ ಮೀನಿರುವ ಜಾಗ ದಾಟಿ ಆಗಿರುತ್ತಿತ್ತು.

ಅಲ್ಲಿ ಹೊಳೆ ತೋರಿಸುವ ಆಳಿಗೆ ಗಿಲ್ಲಿ ಅನ್ನುತ್ತಾರೆ. ಹೆಸರು ಕೇಳಿ ಮೊದಲ ದಿನ ನನಗೆ ಗಿಲ್ಲಿ ದಾಂಡು ನೆನಪಾಗಿ ನಗು ಬಂದಿತ್ತು. ಆ ಮುದುಕ ಬಹಳ ಹೊತ್ತು ಸುಮ್ಮನೆ ನೋಡಿದ. ಆಮೇಲೆ ಬಂದು, ಒಂದು ಮಾತೂ ಆಡದೆ, ಲೀಡರ್ ಬಿಚ್ಚಿ ನಡುವಿನ ಸಣ್ಣ ಭಾಗದಿಂದ ಆರಡಿ ಕತ್ತರಿಸಿ, ಮತ್ತೆ ಗಂಟು ಹಾಕಿ ಕೈಗೆ ಕೊಟ್ಟ. ಮುಂದಿನ ಬೀಸಿಗೆ ಲೀಡರ್ ನೆಟ್ಟಗೆ ಬಿಚ್ಚಿಕೊಂಡು ಬಿತ್ತು. ತಕ್ಷಣ ಮೀನು ಬಂತು ಅಂತ ಹೇಳಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ಬರಲಿಲ್ಲ. ಮೂರನೇ ದಿನ ಬಂತು.

ಗಾಳಿಪಟದ ಬಾಲಂಗೋಚಿ ಹಾಗೆ ಇದು. ಗಿಡ್ಡ ಆದರೆ ಪಟ ಲಗಾಟಿ ಹೊಡೆಯುತ್ತದೆ, ಉದ್ದ ಆದರೆ ಮೇಲೇಳುವುದಿಲ್ಲ. ನಿಮ್ಮ ಬೀಸಿಗೆ ಪೂರ್ತಿ ಬಿಚ್ಚಿಕೊಳ್ಳುವಷ್ಟು ಉದ್ದವೇ ನಿಮ್ಮ ಉದ್ದ. ನೆಟ್ಟಗೆ ಬೀಳುವ ಹನ್ನೆರಡು ಅಡಿ, ಗುಪ್ಪೆಯಾಗುವ ಹದಿನೆಂಟು ಅಡಿಗಿಂತ ಸಾವಿರ ಪಾಲು ಉದ್ದ.

ಇನ್ನೊಂದು ತೊಂದರೆ ಮೀನು ಸಿಕ್ಕಿದ ಮೇಲೆ ಗೊತ್ತಾಗುತ್ತದೆ. ಲೀಡರ್ ರಾಡಿಗಿಂತ ಉದ್ದ ಇದ್ದರೆ, ಮೀನು ದಂಡೆಗೆ ಬರುವಾಗ ಲೈನ್ ಮತ್ತು ಲೀಡರ್ ಸೇರುವ ಗಂಟು ರಾಡ್ ತುದಿಯ ಉಂಗುರದೊಳಗೆ ನುಗ್ಗುತ್ತದೆ. ಕೊನೆ ಗಳಿಗೆಯಲ್ಲಿ ಮೀನು ಒಮ್ಮೆ ಜಗ್ಗಿದರೆ ಗಂಟು ಅಲ್ಲೇ ಸಿಕ್ಕಿಕೊಂಡು ದಾರ ಪಟ್ ಅನ್ನುತ್ತದೆ. ಆ ಗಂಟು ನುಣುಪಾಗಿರಲಿ. ಜೊತೆಗೊಬ್ಬರು ಬಲೆ ಹಿಡಿದು ನಿಂತಿದ್ದರೆ ಇನ್ನೂ ಒಳ್ಳೆಯದು.

ಒಂದೇ ಮಡುವಿಗೆ ಒಂದೇ ಉದ್ದ ಸಾಕಾ?

ಸಾಕಾಗುವುದಿಲ್ಲ. ಮಡುವಿನ ತಲೆಯಲ್ಲಿ, ಅಂದರೆ ನೀರು ಕಲ್ಲುಗಳ ಮೇಲಿಂದ ಧುಮುಕಿ ಒಳಗೆ ಬರುವ ಕಡೆ, ನೀರಿನ ಮೈ ಒಡೆದಿರುತ್ತದೆ. ಗುಳ್ಳೆ, ಸುಳಿ, ಸದ್ದು. ಅಲ್ಲಿ ಕನ್ನಡಿಯೂ ಇಲ್ಲ, ಗೀರೂ ಇಲ್ಲ. ಹತ್ತು ಅಡಿ ಲೀಡರ್ ಧಾರಾಳ. ನೀರು ಬೆಚ್ಚಗಾದಾಗ ಮೀನು ಸೇರುವುದೂ ಅಲ್ಲಿಯೇ, ಯಾಕೆಂದರೆ ಧುಮುಕುವ ನೀರಿನಲ್ಲಿ ಆಮ್ಲಜನಕ ಜಾಸ್ತಿ. ಹಾಗಾಗಿ ಕಲಿಯುವವರಿಗೆ ಜುಲೈನಲ್ಲಿ ಒಳ್ಳೇ ಜಾಗ ಮಡುವಿನ ತಲೆಯೇ. ಚಿಕ್ಕ ಲೀಡರ್, ಹತ್ತಿರದ ಬೀಸು, ತಪ್ಪಾದರೂ ಮೀನಿಗೆ ಗೊತ್ತಾಗುವುದಿಲ್ಲ.

ನಡುವಿನ ಆಳದಲ್ಲಿ 12, 13 ಅಡಿ. ಮಡುವಿನ ಬಾಲದಲ್ಲಿ, ನೀರು ತೆಳ್ಳಗೆ ಹರಡಿ ಎಣ್ಣೆ ಹಾಗೆ ಜಾರುವಲ್ಲಿ, 15 ಅಡಿ ಬೇಕೇ ಬೇಕು. ರಾತ್ರಿ ಮೇಲೇರಿ ಬಂದ ಹೊಸ ಮೀನು ಬೆಳಗಿನ ಜಾವ ಅಲ್ಲಿ ಸ್ವಲ್ಪ ಹೊತ್ತು ತಂಗುತ್ತದೆ. ಆಸೆ ಹುಟ್ಟಿಸುವ ಜಾಗವೂ ಅದೇ, ಕೆಡಿಸಿಕೊಳ್ಳುವ ಜಾಗವೂ ಅದೇ.

ಪ್ರತಿ ಸಲ ಹೊಸ ಲೀಡರ್ ಕಟ್ಟಬೇಕಿಲ್ಲ. ತಲೆಯಿಂದ ಹತ್ತು ಅಡಿಯಲ್ಲಿ ಶುರು ಮಾಡಿ, ಕೆಳಗೆ ಬರುತ್ತಾ ಒಂದೊಂದು ಮೊಳ ಟಿಪೆಟ್ ಸೇರಿಸಿಕೊಂಡು ಬನ್ನಿ.

ಮನೆಯಲ್ಲೇ ಕಟ್ಟುವುದು ಹೇಗೆ?

ಅಂಗಡಿಯಲ್ಲಿ ಗಂಟಿಲ್ಲದೆ ಸಣ್ಣಗಾಗುತ್ತಾ ಹೋಗುವ ಲೀಡರ್ ಸಿಗುತ್ತದೆ. ದುಡ್ಡಿದ್ದರೆ ತಗೊಳ್ಳಿ, ತಪ್ಪೇನಿಲ್ಲ. ನಾನು ಕಟ್ಟಿಕೊಳ್ಳುವುದು ಹೀಗೆ.

ಎರಡೂವರೆ ಮಾರಿನ ಲೀಡರ್‌ಗೆ, ಲೈನಿನ ಕಡೆಯಿಂದ ಒಂದೂವರೆ ಮಾರು 0.50 ಮಿಲಿಮೀಟರ್ ದಪ್ಪದ ನೈಲಾನ್. ಅದಕ್ಕೆ ಅರ್ಧ ಮಾರು 0.40. ಕೊನೆಗೆ ಅರ್ಧ ಮಾರು 0.30 ಅಥವಾ 0.28. ಒಟ್ಟು 15 ಅಡಿ. ನೂರರಲ್ಲಿ ಅರವತ್ತು ಭಾಗ ದಪ್ಪ, ಇಪ್ಪತ್ತು ನಡುವಿನದು, ಇಪ್ಪತ್ತು ಸಣ್ಣ. ಈ ಲೆಕ್ಕ ಎಷ್ಟೋ ವರ್ಷಗಳಿಂದ ನಡೆದುಬಂದದ್ದು. ಎರಡು ಮಾರಿನದು ಬೇಕಾದರೆ ಮೂರನ್ನೂ ಅದೇ ಪಾಲಿನಲ್ಲಿ ಇಳಿಸಿ. ದಪ್ಪದ ಭಾಗ ಮಾತ್ರ ಕಡಿಮೆ ಮಾಡಿ ಸಣ್ಣದನ್ನು ಹಾಗೇ ಬಿಟ್ಟರೆ ಮತ್ತೆ ಶಾವಿಗೆ.

ಗಂಟಿಗೆ ಬ್ಲಡ್ ನಾಟ್ ಅಥವಾ ಸರ್ಜನ್ಸ್ ನಾಟ್, ಯಾವುದು ಕೈಗೆ ಬಗ್ಗುತ್ತದೋ ಅದು. ಬಿಗಿಯುವ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಿ. ಒಣಗಿದ ಗಂಟು ಬಿಗಿಯುವಾಗ ಉಜ್ಜಿ ಬಿಸಿಯಾಗಿ ದಾರ ಸಾಯುತ್ತದೆ. ಲೈನಿಗೆ ಸೇರಿಸಲು ಎರಡೂ ಕಡೆ ಕುಣಿಕೆ ಮಾಡಿ ಒಂದರೊಳಗೊಂದು ಹಾಯಿಸಿದರೆ ಸಾಕು.

ಸುರುಳಿಯಿಂದ ಬಿಚ್ಚಿದ ನೈಲಾನ್ ಸ್ಪ್ರಿಂಗ್ ಹಾಗೆ ಸುತ್ತಿಕೊಂಡಿರುತ್ತದೆ. ಅಂಗೈಯಲ್ಲಿ ಹಿಡಿದು ನಿಧಾನವಾಗಿ ಎಳೆಯಿರಿ. ಕೈ ಬಿಸಿಗೆ ನೆಟ್ಟಗಾಗುತ್ತದೆ.

ಲೀಡರ್ ನೀರಿನ ಮೇಲೆ ಮಿಂಚುತ್ತದೆ. ಏನು ಮಾಡಲಿ?

ಮುಲ್ತಾನಿ ಮಿಟ್ಟಿ! ಹೌದು, ಮುಖಕ್ಕೆ ಹಚ್ಚುವುದೇ. ಎರಡು ಚಮಚ ಮುಲ್ತಾನಿ ಮಿಟ್ಟಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಗಟ್ಟಿಯಾಗಿ ಕಲಸಿ ಒಂದು ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಟಿಪೆಟ್ ಮೇಲೆ ಎರಡು ಬೆರಳಲ್ಲಿ ಉಜ್ಜಿದರೆ ಜಿಡ್ಡು ಹೋಗಿ ಮುಳುಗುತ್ತದೆ, ಮಿಂಚೂ ಹೋಗುತ್ತದೆ. ಅಲ್ಲಿನ ಅಂಗಡಿಯಲ್ಲಿ ಪುಟ್ಟ ಡಬ್ಬಿಯಲ್ಲಿ ಮಾರುವ ಮದ್ದಿನಲ್ಲೂ ಇಂಥದೇ ಮಣ್ಣು. ಅದೂ ಇಲ್ಲದಿದ್ದರೆ ದಂಡೆಯ ಕೆಸರೇ ಆಗುತ್ತದೆ.

ನಿಂತ ನೀರಿನಲ್ಲಿ ಇದರಿಂದ ಸಿಗುವ ಲಾಭ ಮೂರು ಅಡಿ ಲೀಡರ್ ಜಾಸ್ತಿ ಮಾಡಿದ್ದಕ್ಕೆ ಸಮ ಅಂತ ನನ್ನ ಅನಿಸಿಕೆ. ಮನೆಯವಳು ಮಾತ್ರ ಡಬ್ಬಿ ಎಲ್ಲಿ ಹೋಯಿತು ಅಂತ ಇವತ್ತಿಗೂ ಕೇಳುತ್ತಾಳೆ.

ಫ್ಲೋರೊಕಾರ್ಬನ್ ದಾರ ಒಳ್ಳೆಯದೋ ನೈಲಾನೋ?

ಫ್ಲೋರೊಕಾರ್ಬನ್ ನೀರಿನಲ್ಲಿ ಸ್ವಲ್ಪ ಕಡಿಮೆ ಕಾಣುತ್ತದೆ. ಬೆಳಕನ್ನು ಬಗ್ಗಿಸುವ ಗುಣ ನೀರಿಗೆ 1.33, ಫ್ಲೋರೊಕಾರ್ಬನ್‌ಗೆ 1.42, ನೈಲಾನಿಗೆ ಸುಮಾರು 1.53. ನೀರಿನ ಅಂಕಿಗೆ ಹತ್ತಿರ ಇದ್ದಷ್ಟೂ ಕಣ್ಣಿಗೆ ಮರೆ. ತೂಕವೂ ಜಾಸ್ತಿ, ಬೇಗ ಮುಳುಗುತ್ತದೆ. ಬೆಲೆಯೂ ಜಾಸ್ತಿ ಅಂತ ಬೇರೆ ಹೇಳಬೇಕಿಲ್ಲ.

ನಾನು ದಪ್ಪ ಭಾಗಗಳಿಗೆ ನೈಲಾನ್, ಕೊನೆಯ ಅರ್ಧ ಮಾರಿಗೆ ಮಾತ್ರ ಫ್ಲೋರೊಕಾರ್ಬನ್ ಹಾಕುತ್ತೇನೆ. ಫ್ಲೈ ನೀರಿನ ಮೈಮೇಲೇ ಗೆರೆ ಎಳೆಯುತ್ತಾ ಹೋಗಬೇಕಾದರೆ ಪೂರ್ತಿ ನೈಲಾನ್. ಮುಳುಗುವ ದಾರ ಫ್ಲೈಯನ್ನೂ ಕೆಳಗೆಳೆಯುತ್ತದೆ.

ಒಂದು ಎಚ್ಚರಿಕೆ. ಕತ್ತರಿಸಿದ ತುಂಡನ್ನು ದಂಡೆಯಲ್ಲಿ ಬಿಸಾಡಬೇಡಿ. ಹಕ್ಕಿ ಕಾಲಿಗೆ ಸುತ್ತಿಕೊಳ್ಳುತ್ತದೆ. ರಂಗನತಿಟ್ಟಿನ ಪಕ್ಕದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಟಿಪೆಟ್ ಎಷ್ಟು ಸಣ್ಣ ಮಾಡಬಹುದು?

8ರಿಂದ 10 ಪೌಂಡ್ ತಡೆಯುವುದು ಸಾಕು. ಅದಕ್ಕಿಂತ ಸಣ್ಣದಕ್ಕೆ ಹೋಗಬೇಡಿ. ಬೇಸಿಗೆಯಲ್ಲಿ ಜಾಸ್ತಿ ಸಿಗುವುದು ಗ್ರಿಲ್ಸ್, ಅಂದರೆ ಕಡಲಲ್ಲಿ ಒಂದೇ ಚಳಿಗಾಲ ಕಳೆದು ಬಂದ ಎಳೇ ಸಾಲ್ಮನ್. ತೂಕ ಕಡಿಮೆ, ಆದರೂ ಅದರ ಹಿಂದೆಯೇ ಹದಿನೈದು ಪೌಂಡಿನದು ನಿಂತಿರಬಹುದು. ಸಣ್ಣ ದಾರದಲ್ಲಿ ಮೀನನ್ನು ಆಡಿಸುತ್ತಾ ಹೋದರೆ ಅದು ಸುಸ್ತಾಗುತ್ತದೆ. ಬೆಚ್ಚನೆ ನೀರಿನಲ್ಲಿ ಸುಸ್ತಾದ ಮೀನು ಬಿಟ್ಟರೂ ಬದುಕುವುದು ಕಷ್ಟ.

ಬೀಸುವಾಗ ಟಿಪೆಟ್‌ನಲ್ಲಿ ತಾನೇ ತಾನಾಗಿ ಒಂದು ಗಂಟು ಬೀಳುತ್ತದೆ. ಕಣ್ಣಿಗೆ ಕಾಣುವುದೇ ಇಲ್ಲ, ಬೆರಳಾಡಿಸಿದರೆ ಗೊತ್ತಾಗುತ್ತದೆ. ಆ ಒಂದು ಗಂಟಿಗೆ ದಾರದ ಬಲ ಸುಮಾರು ಅರ್ಧ ಹೋಯಿತು ಅನ್ನಿ. ಹತ್ತು ಹದಿನೈದು ಬೀಸಿಗೊಮ್ಮೆ ಬೆರಳಾಡಿಸಿ ನೋಡಿ.

ಗಾಳಿ ಬೀಸುತ್ತಿದ್ದರೆ?

ಗಿಡ್ಡ ಮಾಡಿ. ಗಾಳಿಗೆ ನೀರಿನ ಮೈ ಹೇಗೂ ಸುಕ್ಕಾಗಿರುತ್ತದೆ, ಮೀನಿಗೆ ನಿಮ್ಮ ಲೈನ್ ಅಷ್ಟಾಗಿ ಕಾಣುವುದಿಲ್ಲ. ಹತ್ತು ಅಡಿ ಸಾಕು.

ಎರಡು ಕೈ ರಾಡ್ ಇಲ್ಲ, ಒಂದು ಕೈದು ಮಾತ್ರ ಇದೆ. ನಡೆಯುತ್ತಾ?

ಚೆನ್ನಾಗಿಯೇ ನಡೆಯುತ್ತದೆ. ನೀರು ಇಳಿದಾಗ ಹೊಳೆ ಕಿರಿದು, ದೂರ ಬೀಸುವ ಅಗತ್ಯವೇ ಇಲ್ಲ. ಹತ್ತು ಅಡಿಯ ಒಂದು ಕೈ ರಾಡಿಗೆ ಹತ್ತರಿಂದ ಹನ್ನೆರಡು ಅಡಿ ಲೀಡರ್. ಲೈನೂ ಹಗುರ, ಬೀಳುವ ಸದ್ದೂ ಕಡಿಮೆ. ನನಗಂತೂ ಜುಲೈನಲ್ಲಿ ಒಂದು ಕೈ ರಾಡೇ ಇಷ್ಟ.

ಎರಡು ಕೈ ರಾಡಿನಲ್ಲಿ ಸ್ಪೇ ಬೀಸು, ಅಂದರೆ ಲೈನನ್ನು ಬೆನ್ನ ಹಿಂದೆ ಪೂರ್ತಿ ಹಾರಿಸದೆ ಬೀಸುವ ಬೀಸು, ಬೀಸುವವರಿಗೆ ಒಂದು ಮಾತು. ಆ ಬೀಸಿನಲ್ಲಿ ಲೀಡರ್ ಮತ್ತು ಲೈನಿನ ತುದಿ ಒಂದು ಗಳಿಗೆ ನೀರನ್ನು ಕಚ್ಚಿ ಹಿಡಿಯಬೇಕು. ಲಂಗರಿನ ಹಾಗೆ. ಲೀಡರ್ ತೀರಾ ಗಿಡ್ಡ ಆದರೆ ಲಂಗರು ಕಿತ್ತು ಲೈನ್ ಹಿಂದಕ್ಕೆ ಹಾರಿ ಚಟೀರನೆ ಸದ್ದು ಮಾಡುತ್ತದೆ. ತೀರಾ ಉದ್ದ ಆದರೆ ನೀರು ಬಿಡುವುದೇ ಇಲ್ಲ, ಬೀಸಿನ ಬಲವೆಲ್ಲ ಎತ್ತುವುದಕ್ಕೇ ಖರ್ಚು.

ಮುಳುಗುವ ತುದಿಯ ಲೈನ್ ಹಾಕಿದರೆ?

ಇಳಿದ ನೀರಿಗೆ ಅದು ಬೇಕಾಗುವುದು ಅಪರೂಪ. ಹಾಕಲೇಬೇಕಾದರೆ ಮೂರರಿಂದ ಐದು ಅಡಿ ಲೀಡರ್ ಸಾಕು. ಉದ್ದ ಕಟ್ಟಿದರೆ ಲೈನ್ ಕೆಳಗೆ, ಫ್ಲೈ ಮೇಲೆ.

ಯಾವ ಫ್ಲೈ?

ಸಣ್ಣದು. 10, 12, 14ನೇ ನಂಬರಿನ ಗಾಳ. ನಂಬರ್ ಹೆಚ್ಚಾದಷ್ಟೂ ಗಾಳ ಸಣ್ಣ, ಇಲ್ಲಿ ಹೊಸಬರು ಎಡವುತ್ತಾರೆ. ಸ್ಟೋಟ್ಸ್ ಟೇಲ್, ಬ್ಲೂ ಚಾರ್ಮ್ ಇವೆರಡು ನನ್ನ ಡಬ್ಬಿಯಲ್ಲಿ ಯಾವಾಗಲೂ ಇರುತ್ತವೆ. ಫ್ಲೈ ಸಣ್ಣದಾದರೆ ಲೀಡರಿನ ಕೆಲಸವೂ ಹಗುರ. ದೊಡ್ಡ ಫ್ಲೈಯನ್ನು ಸಣ್ಣ ಟಿಪೆಟ್‌ನಲ್ಲಿ ಬೀಸಿದರೆ ಅದು ತಿರುಗಿ ಬಿಚ್ಚಿಕೊಳ್ಳುವುದೇ ಇಲ್ಲ.

ಮೀನು ಕಚ್ಚಿದ ತಕ್ಷಣ ನಮ್ಮ ಬೆಂಡು ಮುಳುಗಿದಾಗ ಎಳೆಯುವ ಹಾಗೆ ಜಗ್ಗಬೇಡಿ. ಮಂಡ್ಯದ ಕಡೆಯ ನನ್ನ ಗೆಳೆಯರೆಲ್ಲ ಮೊದಲ ಮೀನು ಕಳೆದುಕೊಂಡಿದ್ದು ಹೀಗೇ. ಸಾಲ್ಮನ್ ಫ್ಲೈ ಕಚ್ಚಿ ತಿರುಗಿಕೊಳ್ಳಲಿ, ಲೈನ್ ಬಿಗಿಯಾಗಲಿ, ಆಮೇಲೆ ರಾಡ್ ಎತ್ತಿ.

ಯಾವ ಹೊತ್ತಿನಲ್ಲಿ ಹೋಗಬೇಕು?

ಜೂನಿನಲ್ಲಿ ಅಲ್ಲಿ ರಾತ್ರಿ ಹತ್ತಕ್ಕೆ ಸೂರ್ಯ ಮುಳುಗುತ್ತಾನೆ, ಬೆಳಗ್ಗೆ ನಾಲ್ಕೂವರೆಗೆಲ್ಲ ಬೆಳಕು. ಮಧ್ಯಾಹ್ನ ಮಲಗಿ. ಬೆಳಗಿನ ಜಾವ ಮತ್ತು ರಾತ್ರಿ ಒಂಬತ್ತರ ಮೇಲೆ ಹೊಳೆಗೆ ಹೋಗಿ. ಬೆಳಕು ಇಳಿದ ಮೇಲೆ ಲೀಡರ್ ಹನ್ನೆರಡು ಅಡಿಗೆ ಇಳಿಸಿದರೂ ನಡೆಯುತ್ತದೆ, ಕತ್ತಲಲ್ಲಿ ಉದ್ದದ್ದು ಸಿಕ್ಕಾಗುವುದೇ ಜಾಸ್ತಿ. ಸಂಜೆಯ ನುಸಿಗೆ ಅಲ್ಲಿ ಮಿಡ್ಜ್ ಅನ್ನುತ್ತಾರೆ. ಗಾಳಿ ನಿಂತರೆ ಕಿವಿ, ಮೂಗು, ಕಣ್ಣು ಎಲ್ಲ ಕಡೆ. ತಲೆಗೆ ಬಲೆ ಹಾಕುವುದು ಶೋಕಿಗಲ್ಲ.

ನೀರಿನ ಬಿಸಿ 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ದಿನ ಗಾಳ ಹಾಕಬೇಡಿ. ನಮ್ಮ ಕಾವೇರಿಗೆ 20 ಡಿಗ್ರಿ ಅಂದರೆ ಚಳಿ. ಸಾಲ್ಮನ್‌ಗೆ ಅದು ಜ್ವರ. ಬೆಚ್ಚನೆ ನೀರಿನಲ್ಲಿ ಆಮ್ಲಜನಕ ಕಡಿಮೆ, ಹಿಡಿದು ಬಿಟ್ಟ ಮೀನು ಚೇತರಿಸಿಕೊಳ್ಳುವುದಿಲ್ಲ. ಜೇಬಿನಲ್ಲಿ ಒಂದು ಥರ್ಮಾಮೀಟರ್ ಇರಲಿ.

ಮೈಸೂರಲ್ಲಿ ಅಭ್ಯಾಸ ಎಲ್ಲಿ ಮಾಡಲಿ?

ಮನೆ ಹತ್ತಿರದ ಆಟದ ಮೈದಾನದಲ್ಲಿ, ಬೆಳಗ್ಗೆ ಆರು ಗಂಟೆಗೆ, ಹುಡುಗರು ಕ್ರಿಕೆಟ್‌ಗೆ ಬರುವ ಮುಂಚೆ. ಗಾಳ ಬೇಡ, ತುದಿಗೆ ಕೆಂಪು ಉಣ್ಣೆಯ ಎಳೆ ಕಟ್ಟಿ. ಲೀಡರ್ ನೆಟ್ಟಗೆ ಬಿತ್ತಾ ಅಂತ ಹುಲ್ಲಿನ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಹತ್ತು ಅಡಿಯಿಂದ ಶುರು ಮಾಡಿ. ಹತ್ತು ಸಲ ಬೀಸಿದರೆ ಎಂಟು ಸಲ ನೆಟ್ಟಗೆ ಬಿದ್ದರೆ ಒಂದು ಮೊಳ ಸೇರಿಸಿ. ಎಂಟಕ್ಕಿಂತ ಕಡಿಮೆಯಾದರೆ ಕೊನೆಗೆ ಸೇರಿಸಿದ ಮೊಳ ತೆಗೆದು ಅಲ್ಲಿಗೆ ನಿಲ್ಲಿಸಿ. ಜುಲೈಗೆ ನಿಮ್ಮ ಉದ್ದ ಅದೇ. ತಲೆ ಮೇಲಿಂದ ಬೀಸುವುದನ್ನು ಹುಲ್ಲಿನ ಮೇಲೆ ಕಲಿಯಬಹುದು. ಸ್ಪೇ ಬೀಸಿಗೆ ಮಾತ್ರ ನೀರೇ ಬೇಕು.

ಕುಯ್ಲಾದ ಗದ್ದೆ ಖಾಲಿ ಇದೆ ಅಂತ ಹೋಗಬೇಡಿ. ಕೂಳೆಗೆ ಲೈನ್ ಸಿಕ್ಕಿ ಗೀರಾಗುತ್ತದೆ. ನಾನು ಒಂದು ಹೊಸ ಲೈನ್ ಹಾಗೇ ಹಾಳು ಮಾಡಿಕೊಂಡೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿಯೂ ಬೇಡ. ಕಾಲು ಜಾರಿದರೆ ಹತ್ತಿ ಬರುವುದು ಕಷ್ಟ.

ಹೊಳೆಯ ವಿಷಯ ಬಂದರೆ, ರಂಗನತಿಟ್ಟು ಪಕ್ಷಿಧಾಮ, ಮುತ್ತತ್ತಿ ಕಡೆಯ ಕಾವೇರಿ ವನ್ಯಧಾಮ ಇಲ್ಲೆಲ್ಲ ಗಾಳ ತೆಗೆದುಕೊಂಡು ಹೋಗುವಂತಿಲ್ಲ. ಪಶ್ಚಿಮವಾಹಿನಿ, ಸಂಗಮದಲ್ಲಿ ಜನ ಅಸ್ಥಿ ಬಿಡುತ್ತಾರೆ, ಸ್ನಾನ ಮಾಡುತ್ತಾರೆ. ಅಲ್ಲಿ ರಾಡ್ ಬೀಸುತ್ತಾ ನಿಲ್ಲುವುದು ಮರ್ಯಾದೆ ಅಲ್ಲ.

ಈ ಲೀಡರ್ ನಮ್ಮ ಬಿಳಿಮೀನಿಗೂ ಆಗುತ್ತಾ?

ಬಿಳಿಮೀನು ಅಂದರೆ ಮಹಶೀರ್. ಅದರ ಹೊಡೆತಕ್ಕೆ ಈ ಟಿಪೆಟ್ ನೂಲಿಗೆ ಸಮ. ಬಂಡೆಗೆ ಉಜ್ಜಿಕೊಂಡು ಓಡುವ ಮೀನು ಅದು. ಹಿಂದೆ ಅದನ್ನು ಹಿಡಿಯುತ್ತಿದ್ದುದು ರಾಗಿ ಹಿಟ್ಟಿನ ಉಂಡೆಗೆ, ದಪ್ಪ ದಾರದಲ್ಲಿ. ಲೀಡರ್ ಕಾಣುತ್ತದಾ ಇಲ್ಲವಾ ಅನ್ನುವ ಚಿಂತೆಯೇ ಇರಲಿಲ್ಲ.

ಮೈಸೂರಿನಲ್ಲಿ ಹುಲಿ, ಚಿರತೆಗಳ ಚರ್ಮಕ್ಕೆ ಜೀವಕಳೆ ಕೊಡುತ್ತಿದ್ದ ವ್ಯಾನ್ ಇಂಗೆನ್ ಮನೆತನದ ಹೆಸರು ಕೇಳಿದ್ದೀರಲ್ಲ. ಅವರಲ್ಲಿ ಡಿವೆಟ್ ವ್ಯಾನ್ ಇಂಗೆನ್ 1946ರ ಮಾರ್ಚ್ 22ರಂದು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ಅಂದರೆ 54 ಕಿಲೋ. ಬ್ರಿಟನ್ನಿನಲ್ಲಿ ರಾಡಿಗೆ ಸಿಕ್ಕ ಅತಿ ದೊಡ್ಡ ಸಾಲ್ಮನ್ 1922ರ ಅಕ್ಟೋಬರ್ 7ರಂದು ಟೇ ಹೊಳೆಯಲ್ಲಿ ಜಾರ್ಜಿನಾ ಬ್ಯಾಲಂಟೈನ್ ಹಿಡಿದದ್ದು, 64 ಪೌಂಡ್. ನಮ್ಮ ಮೀನಿನ ಅರ್ಧ ಚಿಲ್ಲರೆ! ಅಬರ್ಡೀನ್‌ನಲ್ಲಿ ಯಾರಾದರೂ ಸಾಲ್ಮನ್ ಬಗ್ಗೆ ಜಂಬ ಕೊಚ್ಚಿದರೆ ನಾನು ಕಬಿನಿ ಲೆಕ್ಕ ಹೇಳುತ್ತಿದ್ದೆ.

ಈಗ ಹೇಳಿಕೊಳ್ಳಲು ಅಷ್ಟೇ ಉಳಿದಿರುವುದು. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ ಗೂನುಬೆನ್ನಿನ ಮಹಶೀರ್‌ಗೆ 2018ರಲ್ಲಷ್ಟೇ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾಯಿತು, ಟಾರ್ ರೆಮಾದೇವಿ ಅಂತ. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಅದರ ಮೇಲೆ ಲೀಡರ್ ಪ್ರಯೋಗ ಮಾಡಲು ನನ್ನನ್ನು ಕೇಳಬೇಡಿ.

ಇಲ್ಲಿಂದ ಸಾಮಾನು ತೆಗೆದುಕೊಂಡು ಹೋಗಬಹುದಾ?

ಹೋಗಬಹುದು, ಆದರೆ ಪೂರ್ತಿ ಒಣಗಿಸಿ, ತೊಳೆದು. ನಾರ್ವೆಯಲ್ಲಿ ಇದು ಬಹಳ ಕಟ್ಟುನಿಟ್ಟು. ಗೈರೊಡ್ಯಾಕ್ಟಿಲಸ್ ಅನ್ನುವ ಕಣ್ಣಿಗೆ ಕಾಣದ ಪರಾವಲಂಬಿ ಹುಳು ಅಲ್ಲಿ ಎಷ್ಟೋ ಹೊಳೆಗಳ ಸಾಲ್ಮನ್ ಮರಿಗಳನ್ನು ಮುಗಿಸಿತು. ಅದಕ್ಕೇ ಹೊಳೆಯಿಂದ ಹೊಳೆಗೆ ಹೋಗುವಾಗ ರಾಡ್, ಬೂಟು, ಬಲೆ ಎಲ್ಲ ಸೋಂಕು ತೆಗೆಸಿ ಚೀಟಿ ತೆಗೆದುಕೊಳ್ಳಬೇಕು. ಲೀಡರ್ ಅಂತೂ ಹೊಸದೇ ಕಟ್ಟಿ. ಹಳೇ ನೈಲಾನ್ ಬಿಸಿಲಿಗೆ ಬಲ ಕಳೆದುಕೊಂಡಿರುತ್ತದೆ.

ಪರ್ಮಿಟ್ ಬೇಕಾ? ಹಿಡಿದದ್ದನ್ನು ಮನೆಗೆ ತರಬಹುದಾ?

ಸ್ಕಾಟ್ಲೆಂಡಿನಲ್ಲಿ ಹೊಳೆಯ ಆ ಭಾಗದ ಹಕ್ಕು ಯಾರದೋ ಅವರ ಲಿಖಿತ ಒಪ್ಪಿಗೆ ಬೇಕು. ದಿನದ ಲೆಕ್ಕದಲ್ಲಿ ಚೀಟಿ ಸಿಗುತ್ತದೆ. ಇಂಗ್ಲೆಂಡಿನಲ್ಲಿ ಅದರ ಮೇಲೆ ರಾಡ್ ಲೈಸೆನ್ಸ್ ಬೇರೆ. ಸ್ಕಾಟ್ಲೆಂಡಿನಲ್ಲಿ ಭಾನುವಾರ ಸಾಲ್ಮನ್ ಹಿಡಿಯುವುದು ಕಾನೂನಿಗೆ ವಿರುದ್ಧ. ವಾರದ ರಜೆಯೇ ಭಾನುವಾರ ಆಗಿರುವವರಿಗೆ ಇದು ದೊಡ್ಡ ಸಂಕಟ. ನಾನು ಭಾನುವಾರ ಮನೆಯಲ್ಲಿ ಕೂತು ಲೀಡರ್ ಕಟ್ಟುತ್ತಿದ್ದೆ.

ಮೀನು ತರುವ ಆಸೆ ಬಿಡಿ. ಡೀ ಹೊಳೆಯಲ್ಲಿ ಹಿಡಿದದ್ದನ್ನೆಲ್ಲ ಬಿಡುವುದೇ ಪದ್ಧತಿ. ಬ್ರಿಟನ್ನಿನ ಕಾಡು ಸಾಲ್ಮನ್ 2023ರ ಡಿಸೆಂಬರಿನಲ್ಲಿ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು. ನಾರ್ವೆಯಲ್ಲಿ 2024ರ ಜೂನಿನಲ್ಲಿ ಕಡಲಿಂದ ಬಂದ ಮೀನು ತೀರಾ ಕಡಿಮೆ ಅಂತ 33 ಹೊಳೆಗಳಲ್ಲಿ ಹಿಡಿಯುವುದನ್ನೇ ನಿಲ್ಲಿಸಿದ್ದರು. ಹೋಗುವ ಮುಂಚೆ ಆ ಹೊಳೆ ಆ ವಾರ ತೆರೆದಿದೆಯಾ ಅಂತ ಕೇಳಿಕೊಳ್ಳಿ.

ಬಿಡುವಾಗ ಮೀನನ್ನು ನೀರಿನಿಂದ ಎತ್ತಬೇಡಿ. ಒದ್ದೆ ಕೈಯಲ್ಲಿ ಹಿಡಿದು, ಮೂತಿ ಹರಿವಿನ ಕಡೆ ಮಾಡಿ ನಿಲ್ಲಿಸಿ. ಮುಳ್ಳು ಒತ್ತಿ ಚಪ್ಪಟೆ ಮಾಡಿದ ಗಾಳ ಆದರೆ ಒಂದು ತಿರುವಿಗೆ ಬಿಟ್ಟುಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಬಾಲ ಗಟ್ಟಿಯಾಗುತ್ತದೆ, ನಿಮ್ಮ ಕೈಗೆ ಗೊತ್ತಾಗುತ್ತದೆ. ಆಮೇಲೆ ಅದೇ ಹೋಗುತ್ತದೆ. ಅದು ಹೋದ ಮೇಲೆ ಟಿಪೆಟ್ ಕತ್ತರಿಸಿ ಜೇಬಿಗೆ ಹಾಕಿಕೊಳ್ಳಿ, ಹೊಸ ಅರ್ಧ ಮಾರು ಕಟ್ಟಿ.